ಡ್ರಮ್ ಅಂಡ್ ಬೇಸ್: ವೇಗ ಕೂಡಿದರೆ ಸಾಲದು, ಶ್ರುತಿಯೂ ಕೂಡಬೇಕು

ಇಂದಿರಾನಗರ, ಕೋರಮಂಗಲಗಳ ಪಬ್‌ಗಳಲ್ಲಿ ಡ್ರಮ್ ಅಂಡ್ ಬೇಸ್ ಎಂಬ ಅತಿವೇಗದ ಎಲೆಕ್ಟ್ರಾನಿಕ್ ಸಂಗೀತವನ್ನು ನುಡಿಸುವ ಹೊಸ ಡಿಜೆಗಳು ಲಯದಲ್ಲಿ ಎಡವುವುದು ಕಡಿಮೆ. ಅವರು ಎಡವುವುದು ಶ್ರುತಿಯಲ್ಲಿ. ಎರಡು ಹಾಡುಗಳ ಪೆಟ್ಟು ಕೂದಲೆಳೆಯಷ್ಟೂ ಆಚೀಚೆ ಆಗದೆ ಕೂಡಿರುತ್ತದೆ, ಆದರೆ ಎರಡನೆಯದರ ಬೇಸ್ ಒಳಬಂದೊಡನೆ ಸದ್ದೆಲ್ಲ ರಾಡಿಯಾಗುತ್ತದೆ. ಡಿಜೆ ಸಾಫ್ಟ್‌ವೇರಿನ ಪರದೆಯ ಮೇಲೆ ಎರಡಕ್ಕೂ ಒಂದೇ ಕೀ, ಅಂದರೆ ಒಂದೇ ಷಡ್ಜ ಮತ್ತು ಸ್ವರಶ್ರೇಣಿ, ಕಾಣುತ್ತಿದ್ದಾಗಲೂ ಹೀಗಾಗುವುದುಂಟು.

ಮೊದಲು ವೇಗವನ್ನು ನೋಡಿಕೊಳ್ಳಿ. ಈ ಹಾಡುಗಳು ನಿಮಿಷಕ್ಕೆ 170ರಿಂದ 180 ಬೀಟ್‌ಗಳ ನಡುವೆ, ಬಹುಪಾಲು 174ರ ಆಸುಪಾಸಿನಲ್ಲಿ ಇರುತ್ತವೆ. ಸಾಫ್ಟ್‌ವೇರ್ 87 ಎಂದು ತೋರಿಸಿದರೆ ಅದು ಅರ್ಧ ಲೆಕ್ಕ ಹಿಡಿದಿದೆ ಎಂದರ್ಥ, ದುಪ್ಪಟ್ಟು ಮಾಡಿ.

ಬಳಿಕ ಕೀ. ಹೊಂದುವ ಕೀಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವ ಕ್ಯಾಮೆಲಾಟ್ ಚಕ್ರದಲ್ಲಿ 1ರಿಂದ 12ರವರೆಗೆ ಅಂಕೆಗಳಿದ್ದು, ‘ಎ’ ಮೈನರ್ ಅನ್ನೂ ‘ಬಿ’ ಮೇಜರ್ ಅನ್ನೂ ಸೂಚಿಸುತ್ತದೆ. 8ಎ ಹಾಡಿನ ನಂತರ 8ಎ, 7ಎ, 9ಎ ಅಥವಾ 8ಬಿ ಹಾಡನ್ನು ನುಡಿಸಬಹುದು. ಕರ್ನಾಟಕ ಸಂಗೀತ ಬಲ್ಲವರಿಗೆ ಇದರ ಒಳಗುಟ್ಟು ಬೇಗ ಹೊಳೆಯುತ್ತದೆ: ಪಕ್ಕದ ಅಂಕೆಗೆ ಹೋಗುವುದೆಂದರೆ ಷಡ್ಜದಿಂದ ಪಂಚಮಕ್ಕೋ ಮಧ್ಯಮಕ್ಕೋ ಸರಿಯುವುದು, 8ಬಿಯಿಂದ 8ಎಗೆ ಹೋಗುವುದೆಂದರೆ ಶಂಕರಾಭರಣದ ಧೈವತವನ್ನು ಷಡ್ಜವಾಗಿಸಿ ನಠಭೈರವಿಯನ್ನು ಪಡೆಯುವ ಗ್ರಹಭೇದ. ಬೇಸ್ ಜಾರುತ್ತ ಏರಿಳಿಯುವ ಹಾಡುಗಳ ಕೀಯನ್ನು ಸಾಫ್ಟ್‌ವೇರ್ ಅನೇಕ ಸಲ ತಪ್ಪಾಗಿ ಗುರುತಿಸುವುದರಿಂದ, ಎಲೆಕ್ಟ್ರಾನಿಕ್ ತಂಬೂರಿಯಲ್ಲೋ ಫೋನಿನ ಶ್ರುತಿ ಆ್ಯಪ್‌ನಲ್ಲೋ ಅದು ತೋರಿಸಿದ ಕೀಯ ಷಡ್ಜವನ್ನು ಹಿಡಿದು, ಡ್ರಾಪ್‌ನ, ಅಂದರೆ ಡ್ರಮ್ಮೂ ಬೇಸೂ ಒಮ್ಮೆಲೇ ಅಪ್ಪಳಿಸುವ ಘಟ್ಟದ, ಬೇಸ್ ಅದರ ಮೇಲೆ ನಿಲ್ಲುತ್ತದೆಯೇ ಎಂದು ಒಮ್ಮೆ ಕೇಳಿ.

ಹೆಚ್ಚಿನವರು ಕೆಡಿಸುವುದು ಇದರ ಮುಂದಿನ ಹಂತದಲ್ಲಿ. ವೇಗದ ಸ್ಲೈಡರ್ ಸರಿಸಿದಾಗ ಶ್ರುತಿಯೂ ಅದರೊಡನೆ ಸರಿಯುತ್ತದೆ. ವೇಗ ಶೇ 6ರಷ್ಟು ಏರಿದರೆ ಶ್ರುತಿ ಹೆಚ್ಚುಕಡಿಮೆ ಒಂದು ಸೆಮಿಟೋನ್, ಅಂದರೆ ಹಾರ್ಮೋನಿಯಂನ ಒಂದು ಮನೆಯಷ್ಟು, ಏರುತ್ತದೆ. 174ರ ಹಾಡನ್ನು 175ಕ್ಕೆ ಏರಿಸಿದರೆ ಕಿವಿಗೆ ತಿಳಿಯದು. ಆದರೆ 170ರ ಹಾಡನ್ನು 176ಕ್ಕೆ ತಂದರೆ ಏರಿಕೆ ಶೇ 3.5ರಷ್ಟಾಗಿ, ಶ್ರುತಿ ಅರ್ಧ ಸೆಮಿಟೋನನ್ನೂ ದಾಟುತ್ತದೆ, ಆಗ ಹಾಡು ಹಳೆಯ ಕೀಯಲ್ಲೂ ಇರುವುದಿಲ್ಲ, ಮುಂದಿನದನ್ನೂ ಮುಟ್ಟಿರುವುದಿಲ್ಲ. ಕೀ ಲಾಕ್ ಒತ್ತಿದರೆ ಶ್ರುತಿಯೇನೋ ನಿಲ್ಲುತ್ತದೆ, ಆದರೆ ಹೆಚ್ಚು ಎಳೆದಾಗ ಸ್ನೇರ್ ಡ್ರಮ್ಮಿನ ಪೆಟ್ಟು ಮೊಂಡಾಗುತ್ತದೆ. ಈ ಸಂಗೀತದಲ್ಲಿ ಅದು ಸಣ್ಣ ನಷ್ಟವಲ್ಲ. ಆದ್ದರಿಂದ ಇಡೀ ಸೆಟ್ಟನ್ನು 174ರಲ್ಲೇ ಕಟ್ಟಿ, ಎರಡು ಬೀಟ್‌ಗಿಂತ ಹೆಚ್ಚು ಸರಿಸಬೇಕಾದ ಹಾಡನ್ನು, ಅದು ಎಷ್ಟೇ ಇಷ್ಟವಾಗಿದ್ದರೂ, ಕೈಬಿಡಿ. ಬೆರಳುದ್ದದ ಸ್ಲೈಡರ್ ಇರುವ ಅಗ್ಗದ ಕಂಟ್ರೋಲರ್‌ಗಳಲ್ಲಿ ಇಷ್ಟು ಸೂಕ್ಷ್ಮವಾಗಿ ಸರಿಸುವುದೇ ಕಷ್ಟ. ಅವುಗಳಿಗೆ ದುಡ್ಡು ಸುರಿಯಬೇಡಿ.

ಕೀ ಕೂಡಿದ ಮಾತ್ರಕ್ಕೆ ಎರಡು ಬೇಸ್‌ಗಳನ್ನು ಒಟ್ಟಿಗೆ ಬಿಡುವಂತಿಲ್ಲ. ಕೆಳಗಿನ ಎಫ್ ಸ್ವರ ಸುಮಾರು 43.7 ಹರ್ಟ್ಸ್, ಅದರ ಪಕ್ಕದ ಎಫ್ ಶಾರ್ಪ್ ಸುಮಾರು 46.2, ಎರಡೂ ಒಟ್ಟಿಗೆ ನುಡಿದರೆ ಸದ್ದು ಸೆಕೆಂಡಿಗೆ ಎರಡೂವರೆ ಬಾರಿ ಉಬ್ಬಿ ಇಳಿಯುತ್ತದೆ. ಸ್ವರ ಒಂದೇ ಆಗಿದ್ದರೂ ಅಲೆಗಳು ಎದುರುಬದುರಾದರೆ ಬೇಸ್ ಅಡಗಿಹೋಗುತ್ತದೆ. ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ ಇದು ಕೇಳಿಸುವುದೇ ಇಲ್ಲವಾದ್ದರಿಂದ ಅಭ್ಯಾಸಕ್ಕೆ ಒಳ್ಳೆಯ ಹೆಡ್‌ಫೋನ್ ಬೇಕು. ಒಳಬರುವ ಹಾಡಿನ ಬೇಸನ್ನು ಏರಿಳಿಸುವ ಲೋ ಗುಂಡಿಯನ್ನು ಪೂರ್ತಿ ಇಳಿಸಿಟ್ಟು, ನಾಲ್ಕು ಬೀಟ್‌ಗಳ 16 ಬಾರ್‌ಗಳು, ಅಂದರೆ 174ರಲ್ಲಿ ಸುಮಾರು 22 ಸೆಕೆಂಡು, ಮುಗಿದು ಹೊಸ ಸಾಲು ಆರಂಭವಾಗುವ ಮೊದಲ ಪೆಟ್ಟಿಗೆ ಒಂದರ ಲೋ ಇಳಿಸುತ್ತಲೇ ಇನ್ನೊಂದರದನ್ನು ಏರಿಸಿ. ಹಾಡುಗಳನ್ನು ತಾನಾಗಿ ಕೂಡಿಸುವ ಸಿಂಕ್ ಗುಂಡಿಗೆ ವೇಗ ತಿಳಿಯುತ್ತದೆಯೇ ಹೊರತು ಸಾಲು ಎಲ್ಲಿ ಆರಂಭವಾಗುತ್ತದೆಂಬುದು ತಿಳಿಯದು. ಈ ಎಣಿಕೆ ನಿಮ್ಮದೇ.

ಬ್ರಿಟನ್ನಿನ ಡಿಜೆ ಆಂಡಿ ಸಿಗೆ ಹೆಸರು ತಂದ ಡಬಲ್ ಡ್ರಾಪ್‌ಗೂ ಇದೇ ಎಣಿಕೆ ಸಾಕು. ಎರಡೂ ಹಾಡುಗಳ ಡ್ರಾಪ್‌ನಿಂದ 32 ಬಾರ್ ಹಿಂದೆ ಕ್ಯೂ ಗುರುತು ಹಾಕಿ, ಮೊದಲನೆಯದು ಆ ಗುರುತನ್ನು ಮುಟ್ಟಿದಾಗ ಎರಡನೆಯದನ್ನು ಬಿಟ್ಟರೆ, ಸುಮಾರು 44 ಸೆಕೆಂಡುಗಳ ಬಳಿಕ ಎರಡೂ ಡ್ರಾಪ್‌ಗಳು ಒಂದೇ ಪೆಟ್ಟಿಗೆ ಬೀಳುತ್ತವೆ. ಆಗಲೂ ಲೋ ಒಂದೇ ಹಾಡಿನದಾಗಿರಲಿ.