ಬೋರ್‌ವೆಲ್ ನೀರಿನ ಹಿಂದಿನ ಬೂದಿ: ಡ್ರಮ್ಮು, ಗಡಿಯಾರ ಹಿಡಿದು ಲೆಕ್ಕ ಹಾಕುವ ಬಗೆ

ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ರೈತ ಬಿಲ್ ಕಟ್ಟಬೇಕಿಲ್ಲ. ಆ ಹಣವನ್ನು ಸರ್ಕಾರವೇ ಸಹಾಯಧನದ ರೂಪದಲ್ಲಿ ವಿದ್ಯುತ್ ಸರಬರಾಜು ಕಂಪನಿಗಳಿಗೆ ತುಂಬಿಕೊಡುತ್ತದೆ. ಬಿಲ್ ಬರದ ಕಾರಣ ಮೀಟರಿನ ಕಡೆ ನೋಡುವ ರೂಢಿಯೂ ಬೆಳೆಯಲಿಲ್ಲ, ಬಹುಪಾಲು ಐಪಿ ಸೆಟ್ಟುಗಳಿಗೆ, ಅಂದರೆ ಈ ನೀರಾವರಿ ಪಂಪುಗಳಿಗೆ, ಮೀಟರೇ ಇಲ್ಲ. ತೋಟಕ್ಕೆ ಎಷ್ಟು ಮೂಟೆ ಗೊಬ್ಬರ ಬಿತ್ತು, ಎಷ್ಟು ಆಳಿನ ಕೂಲಿ ಕೊಟ್ಟೆವು ಎಂಬುದನ್ನು ಬಾಯಲ್ಲೇ ಹೇಳಬಲ್ಲ ರೈತರನ್ನು, ನಿಮ್ಮ ಮೋಟಾರು ದಿನಕ್ಕೆ ಎಷ್ಟು ಯೂನಿಟ್ ಎಳೆಯುತ್ತದೆ ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ. ಅದನ್ನು ಮನೆಯಲ್ಲೇ ಅಳೆದು, ಆ ಯೂನಿಟ್ಟುಗಳು ಎಲ್ಲಿಯ ಕಲ್ಲಿದ್ದಲನ್ನು ಸುಟ್ಟವು, ಎಷ್ಟು ಬೂದಿಯನ್ನು ಉಳಿಸಿದವು ಎಂದು ತಿಳಿದುಕೊಂಡು, ಅದರಲ್ಲಿ ಎಷ್ಟನ್ನು ತಗ್ಗಿಸಬಹುದು ಎಂದು ನೋಡುವ ವಿಧಾನ ಇಲ್ಲಿದೆ. ಬೇಕಾದದ್ದು 200 ಲೀಟರಿನ ಒಂದು ಡ್ರಮ್ಮು, ಸೆಕೆಂಡು ತೋರಿಸುವ ಮೊಬೈಲು, ಮತ್ತು ಕ್ಲಾಂಪ್ ಮೀಟರ್ ಇಟ್ಟುಕೊಂಡಿರುವ ಊರಿನ ಎಲೆಕ್ಟ್ರಿಷಿಯನ್ ಒಬ್ಬರು.

ಅಳೆಯುವ ಮೊದಲು: ಕರೆಂಟು ಎಲ್ಲಿಂದ ಬರುತ್ತದೆ

ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದಾಗ ಬರುವ ಕರೆಂಟು ಶರಾವತಿಯದೋ ಪಾವಗಡದ್ದೋ ರಾಯಚೂರಿನದೋ ಎಂದು ಬೇರೆ ಮಾಡಿ ಹೇಳಲಾಗದು, ಎಲ್ಲವೂ ಒಂದೇ ಜಾಲಕ್ಕೆ ಬಂದು ಬೆರೆಯುತ್ತವೆ. ಇವುಗಳಲ್ಲಿ ಯಾವುದೂ ಪುಕ್ಕಟೆಯಾಗಿ ಬಂದದ್ದಲ್ಲ. ಶರಾವತಿಗೆ ಅಡ್ಡಲಾಗಿ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಊರು, ಗದ್ದೆ, ಕಾಡು ಮುಳುಗಿದವು, ಅಲ್ಲಿಂದ ಎತ್ತಂಗಡಿಯಾದ ಕುಟುಂಬಗಳ ಭೂಮಿಯ ಹಕ್ಕಿನ ತಕರಾರು ಇನ್ನೂ ಪೂರ್ತಿ ಬಗೆಹರಿದಿಲ್ಲ. ಪಾವಗಡದ 2050 ಮೆಗಾವಾಟ್ ಸೌರ ಪಾರ್ಕಿಗೆ ಸುಮಾರು 13,000 ಎಕರೆ ಜಮೀನು ಗುತ್ತಿಗೆಗೆ ಹೋಗಿದೆ. ಆದರೂ ಹೊಗೆ ಮತ್ತು ಬೂದಿಯ ವಿಷಯದಲ್ಲಿ ಕಲ್ಲಿದ್ದಲಿಗೆ ಸಾಟಿಯಿಲ್ಲ. 1985ರಲ್ಲಿ ಮೊದಲ ಘಟಕ ಆರಂಭವಾದ ರಾಯಚೂರಿನ ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1720 ಮೆಗಾವಾಟ್. ಅದಕ್ಕೆ ಬೇಕಾದ ನೀರು ಕೃಷ್ಣಾ ನದಿಯದು, ಕಲ್ಲಿದ್ದಲು ತೆಲಂಗಾಣದ ಸಿಂಗರೇಣಿಯಂಥ ಹೊರರಾಜ್ಯದ ಗಣಿಗಳಿಂದ ರೈಲಿನಲ್ಲಿ ಬರುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಶೇ 30ರಿಂದ 45ರಷ್ಟು ಬೂದಿಯೇ ಇರುತ್ತದೆ. ಒಂದಿಷ್ಟು ಬೂದಿ ಸಿಮೆಂಟಿಗೂ ಇಟ್ಟಿಗೆಗೂ ಹೋಗುತ್ತದೆ, ಉಳಿದದ್ದನ್ನು ನೀರಿನಲ್ಲಿ ಕಲಸಿ ಹೊಂಡಕ್ಕೆ ಬಿಡುತ್ತಾರೆ. ಆ ಹೊಂಡ ಒಣಗಿದ ಬೇಸಿಗೆಯಲ್ಲಿ ಗಾಳಿ ಎದ್ದರೆ ಸುತ್ತಲಿನ ಬೆಳೆಯ ಎಲೆಯ ಮೇಲೆ ಕೂರುವುದು ಅದೇ ಹಾರುಬೂದಿ.

ಒಂದನೇ ಹಂತ: ನೀರು ಎಷ್ಟು ಬರುತ್ತಿದೆ

ಮೋಟಾರು ಹಾಕಿದ ಕೂಡಲೇ ಅಳೆಯಬಾರದು. ಮೊದಲ ಹತ್ತು ನಿಮಿಷ ಕೊಳವೆಯಲ್ಲಿ ಸೇರಿಕೊಂಡಿದ್ದ ನೀರು ರಭಸವಾಗಿ ಬರುತ್ತದೆ, ಅದನ್ನು ನಂಬಿದರೆ ಲೆಕ್ಕ ಸುಳ್ಳಾಗುತ್ತದೆ. ಅರ್ಧ ಗಂಟೆ ಓಡಿಸಿ, ಧಾರೆ ಒಂದು ಹದಕ್ಕೆ ಬಂದ ಮೇಲೆ ಡೆಲಿವರಿ ಪೈಪಿನ ಬಾಯಿಗೆ ಡ್ರಮ್ಮು ಕೊಟ್ಟು, ಅದು ತುಂಬಲು ಎಷ್ಟು ಸೆಕೆಂಡು ಹಿಡಿಯಿತು ಎಂದು ನೋಡಬೇಕು. ಮೂರು ಸಲ ಅಳೆದು ಸರಾಸರಿ ತೆಗೆದರೆ ಸಾಕು. 200 ಲೀಟರಿನ ಡ್ರಮ್ಮು 100 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 2 ಲೀಟರು, ಗಂಟೆಗೆ 7,200 ಲೀಟರು ಎಂದಾಯಿತು. ಮುಂದಿನ ಹಂತಗಳಲ್ಲಿ ಇದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಎರಡನೇ ಹಂತ: ಎಷ್ಟು ಆಳದಿಂದ ಎತ್ತುತ್ತಿದೆ

ಬೋರ್ ಎಷ್ಟು ಅಡಿ ಎಂದು ಕೇಳಿದರೆ ಎಲ್ಲರೂ ಕೊರೆಸಿದ ಆಳವನ್ನು ಹೇಳುತ್ತಾರೆ. ಲೆಕ್ಕಕ್ಕೆ ಬೇಕಾದದ್ದು ಬೇರೆ: ಮೋಟಾರು ಓಡುತ್ತಿರುವಾಗ ಒಳಗಿನ ನೀರು ಯಾವ ಮಟ್ಟಕ್ಕೆ ಇಳಿದು ನಿಂತಿರುತ್ತದೆ ಎಂಬುದು. ಎರಡು ಎಳೆಯ ತೆಳು ವೈರಿನ ತುದಿಯನ್ನು ಸ್ವಲ್ಪ ಬಿಚ್ಚಿ ಒಳಗೆ ಇಳಿಸಿ, ಮೇಲಿನ ತುದಿಗೆ ಮಲ್ಟಿಮೀಟರ್ ಹಚ್ಚಿದರೆ, ನೀರು ತಾಗಿದ ಕ್ಷಣ ಮುಳ್ಳು ಅಲುಗುತ್ತದೆ. ಇಳಿದ ವೈರನ್ನು ಅಳೆದರೆ ಮಟ್ಟ ಸಿಗುತ್ತದೆ. ಈ ವೈರು ಪಂಪಿನ ಕೇಬಲಿಗೆ ಸುತ್ತಿಕೊಂಡರೆ ಮಾತ್ರ ಫಜೀತಿ. ಮುಂದಿನ ಸಲ ಪಂಪು ಮೇಲೆತ್ತಿಸಿದಾಗ ಅರ್ಧ ಇಂಚಿನ ಪಿವಿಸಿ ಪೈಪೊಂದನ್ನು ಪಂಪಿನ ತುಸು ಮೇಲಿನವರೆಗೆ ಜೊತೆಯಲ್ಲೇ ಇಳಿಸಿಬಿಟ್ಟರೆ ವೈರು ಇಳಿಸಲು ಶಾಶ್ವತ ದಾರಿಯಾಗುತ್ತದೆ. ಖರ್ಚು ಕಡಿಮೆ, ಆದರೂ ಪಂಪು ಇಳಿಸುವ ಗಡಿಬಿಡಿಯಲ್ಲಿ ಇದು ಯಾರಿಗೂ ನೆನಪಾಗುವುದಿಲ್ಲ.

ವೈರು ಇಳಿಸಲು ಆಗದಿದ್ದರೆ ಪಂಪಿಗೆ ಎಷ್ಟು ಲೆಂಗ್ತ್ ಪೈಪು ಬಿಟ್ಟಿದ್ದೇವೆ ಎಂಬುದನ್ನು ಹಿಡಿಯಬಹುದು. 20 ಅಡಿಯ 35 ಲೆಂಗ್ತ್ ಎಂದರೆ 700 ಅಡಿ. ನೀರು ಅದಕ್ಕಿಂತ ಮೇಲೆಯೇ ಇರುವುದರಿಂದ, ಈ ಅಂಕಿ ಹಿಡಿದರೆ ನಿಮ್ಮ ಪಂಪು ನಿಜಕ್ಕಿಂತ ಒಳ್ಳೆಯದಾಗಿ ಕಾಣುತ್ತದೆ ಎಂಬುದು ನೆನಪಿರಲಿ. ನಮ್ಮ ಉದಾಹರಣೆಯಲ್ಲಿ ವೈರು ಇಳಿಸಿ ಅಳೆದಾಗ 590 ಅಡಿ, ಅಂದರೆ 180 ಮೀಟರ್ ಬಂತು ಎಂದುಕೊಳ್ಳೋಣ.

ಮೂರನೇ ಹಂತ: ಕರೆಂಟು ಎಷ್ಟು ಹೋಗುತ್ತಿದೆ

ಇದನ್ನು ಎಲೆಕ್ಟ್ರಿಷಿಯನ್ನರೇ ಮಾಡಬೇಕು. ಓಡುತ್ತಿರುವ ಮೋಟಾರಿನ ಸ್ಟಾರ್ಟರ್ ಡಬ್ಬಿಗೆ ನಾವು ಒದ್ದೆ ಕೈ ಹಾಕುವುದು ಬೇಡ. ಒಂದು ಫೇಸಿನ ವೈರಿಗೆ ಕ್ಲಾಂಪ್ ಮೀಟರ್ ಹಾಕಿದರೆ ಆಂಪಿಯರ್, ಎರಡು ಫೇಸಿನ ನಡುವೆ ನೋಡಿದರೆ ವೋಲ್ಟೇಜು ಗೊತ್ತಾಗುತ್ತದೆ. ವೋಲ್ಟೇಜು, ಆಂಪಿಯರ್, 1.73 ಮತ್ತು 0.8 ಇಷ್ಟನ್ನೂ ಗುಣಿಸಿ 1000ದಿಂದ ಭಾಗಿಸಿದರೆ ಗಂಟೆಗೆ ಎಷ್ಟು ಯೂನಿಟ್ ಎಂಬ ಉತ್ತರ ಬರುತ್ತದೆ. 380 ವೋಲ್ಟಿನಲ್ಲಿ 18 ಆಂಪಿಯರ್ ಎಳೆಯುವ ಮೋಟಾರಿಗೆ ಇದು ಸುಮಾರು 9.5 ಯೂನಿಟ್.

ಇಲ್ಲೊಂದು ಮಾತು. ಕೆಪಾಸಿಟರ್ ಹಾಕಿದರೆ ಆಂಪಿಯರ್ ಇಳಿಯುತ್ತದೆ, ಕರೆಂಟು ಅಷ್ಟೂ ಉಳಿಯಿತು ಎಂದು ಹಲವರು ನಂಬಿದ್ದಾರೆ. ಇಳಿಯುವುದು ಲೈನಿನ ಮೇಲಿನ ಹೊರೆ; ಅದರಿಂದ ಟಿಸಿಗೂ (ಟ್ರಾನ್ಸ್‌ಫಾರ್ಮರಿಗೂ) ಪಕ್ಕದ ತೋಟದವರ ವೋಲ್ಟೇಜಿಗೂ ಅನುಕೂಲವಾಗುತ್ತದೆ, ಹಾಗಾಗಿ ಹಾಕಿಸಲೇಬೇಕು. ಆದರೆ ನೀರೆತ್ತಲು ಮೋಟಾರು ತಿನ್ನುವ ಯೂನಿಟ್ಟು ಅದರಿಂದ ಕಡಿಮೆಯಾಗುವುದಿಲ್ಲ. ಕೆಪಾಸಿಟರ್ ಇದ್ದಲ್ಲಿ ಕ್ಲಾಂಪನ್ನು ಅದರಾಚೆ, ಮೋಟಾರಿನ ಕಡೆಯ ವೈರಿಗೆ ಹಾಕಿ ನೋಡಿ.

ನಾಲ್ಕನೇ ಹಂತ: ಎರಡನ್ನೂ ತೂಗುವುದು

ಸೆಕೆಂಡಿಗೆ ಬರುವ ಲೀಟರನ್ನು ಮೀಟರಿನಲ್ಲಿರುವ ಆಳದಿಂದ ಗುಣಿಸಿ 102ರಿಂದ ಭಾಗಿಸಿದರೆ, ಆ ನೀರನ್ನು ಎತ್ತಲು ನಿಜವಾಗಿ ಬೇಕಾದ ಶಕ್ತಿ ಕಿಲೋವಾಟಿನಲ್ಲಿ ಸಿಗುತ್ತದೆ. 2ನ್ನು 180ರಿಂದ ಗುಣಿಸಿ 102ರಿಂದ ಭಾಗಿಸಿದರೆ ಸುಮಾರು 3.5. ಕೊಟ್ಟದ್ದು 9.5, ಕೆಲಸಕ್ಕೆ ಬಂದದ್ದು 3.5, ಅಂದರೆ ನೂರಕ್ಕೆ 37. ಸರಿಯಾಗಿ ಆಯ್ದ ಹೊಸ ಸಬ್‌ಮರ್ಸಿಬಲ್ ಪಂಪು ಸಾಮಾನ್ಯವಾಗಿ 45ರಿಂದ 50ರ ಆಸುಪಾಸಿನಲ್ಲಿ ಇರುತ್ತದೆ. 30ಕ್ಕಿಂತ ಕೆಳಗೆ ಬಂದರೆ ಎಲ್ಲೋ ಏನೋ ಕೆಟ್ಟಿದೆ ಎಂದೇ ಅರ್ಥ.

ಕೆಡುವ ಜಾಗಗಳು ಬಹಳವಿಲ್ಲ. ಸುಟ್ಟ ಮೋಟಾರಿಗೆ ಎರಡು ಮೂರು ಸಲ ವೈಂಡಿಂಗ್ ಮಾಡಿಸಿದ್ದು, ಮರಳು ತಿಂದು ಸವೆದ ಇಂಪೆಲ್ಲರ್ (ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ), ನೀರು ಕಡಿಮೆಯಾದ ಬೋರಿಗೂ ‘ಇರಲಿ’ ಎಂದು ಇಳಿಸಿದ ದೊಡ್ಡ ಎಚ್‌ಪಿ, ಸಪೂರ ಪೈಪು. ಪೈಪಿನ ವಿಷಯವನ್ನು ಜನ ಹಗುರವಾಗಿ ಕಾಣುತ್ತಾರೆ. ಅಷ್ಟೇ ನೀರನ್ನು ಒಂದೂವರೆ ಇಂಚಿನ ಬದಲು ಎರಡು ಇಂಚಿನ ಪೈಪಿನಲ್ಲಿ ಸಾಗಿಸಿದರೆ ತಿಕ್ಕಾಟದಲ್ಲಿ ಹೋಗುವ ಶಕ್ತಿ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ.

ನಮ್ಮ ತೋಟದಲ್ಲೇ ಒಮ್ಮೆ 96 ಸೆಕೆಂಡಿನಲ್ಲಿ ತುಂಬುತ್ತಿದ್ದ ಡ್ರಮ್ಮಿಗೆ 140 ಹಿಡಿಯತೊಡಗಿತು. ಬೋರು ಬತ್ತುತ್ತಿದೆ, ಇನ್ನೊಂದು ಪಾಯಿಂಟ್ ನೋಡಿಸುವುದೇ ಸರಿ ಎಂದು ಮನೆಯಲ್ಲಿ ಮಾತಾಯಿತು. ಪಂಪು ಎತ್ತುವ ಹುಡುಗ ಬಂದವನೇ ಏನನ್ನೂ ಬಿಚ್ಚದೆ, ಮೋಟಾರು ಹಾಕಿಸಿ, ಬೋರಿನ ಮೇಲ್ಭಾಗಕ್ಕೆ ಇಳಿಸಿದ ದಪ್ಪ ಕೊಳವೆಯಾದ ಕೇಸಿಂಗಿನ ಬಾಯಿಗೆ ಕಿವಿಯಿಟ್ಟು ಕೂತ. ಆಮೇಲೆ ನಮ್ಮನ್ನೂ ಕರೆದು ಕೇಳಿಸಿದ. ಒಳಗೆಲ್ಲೋ ಝರಿ ಬೀಳುವ ಸದ್ದು. ಹದಿನೈದನೇ ಲೆಂಗ್ತಿನ ಜೋಡಣೆಯ ಬಳಿ ಪೈಪು ತೂತಾಗಿ, ಎತ್ತಿದ ನೀರಿನಲ್ಲಿ ಮೂರನೇ ಒಂದು ಪಾಲು ಮತ್ತೆ ಬೋರಿಗೇ ಸುರಿಯುತ್ತಿತ್ತು. ಎತ್ತಿದ್ದನ್ನೇ ಎತ್ತುವ ಆ ಕೆಲಸಕ್ಕೆ ಎಷ್ಟು ತಿಂಗಳು ಕರೆಂಟು ಹೋಗಿತ್ತೋ, ಬಿಲ್ ಬರದ ಕಾರಣ ತಿಳಿಯಲೇ ಇಲ್ಲ. ಒಂದು ಪೈಪಿನಲ್ಲಿ ಮುಗಿಯುವ ರಿಪೇರಿಗೆ ಹೊಸ ಬೋರು ಕೊರೆಸಲು ಹೊರಟಿದ್ದೆವು.

ಐದನೇ ಹಂತ: ಯೂನಿಟ್ಟನ್ನು ಬೂದಿಗೆ ತಿರುಗಿಸುವುದು

ಕಲ್ಲಿದ್ದಲಿನಿಂದ ಒಂದು ಯೂನಿಟ್ ತಯಾರಿಸಲು ನಮ್ಮಲ್ಲಿ ಸುಮಾರು 650ರಿಂದ 700 ಗ್ರಾಂ ಕಲ್ಲಿದ್ದಲು ಬೇಕು. ನೀರಾವರಿಗೆ ಕೊಡುವ ಏಳು ಗಂಟೆಯ ಮೂರು ಫೇಸ್ ಕರೆಂಟಿನಲ್ಲಿ ನಮ್ಮ ಉದಾಹರಣೆಯ ಮೋಟಾರು ಪೂರ್ತಿ ಓಡಿದರೆ 66 ಯೂನಿಟ್ ದಾಟುತ್ತದೆ. ಅಷ್ಟೂ ಕಲ್ಲಿದ್ದಲಿನದೇ ಎಂದು ಹಿಡಿದರೆ 45 ಕಿಲೋ ಆಸುಪಾಸು, ದಾರಿಯಲ್ಲಿ ತಂತಿಯಲ್ಲೇ ಸೋರುವುದನ್ನು ಬಿಟ್ಟು. ಅದರಲ್ಲಿ ಉಳಿಯುವ ಬೂದಿ 15 ಕಿಲೋಗೂ ಮೇಲೆ. ಒಂದು ಪಂಪ್‌ಸೆಟ್ಟು, ದಿನಕ್ಕೊಂದು ಮಂಕರಿ ಬೂದಿ. ಜಲವಿದ್ಯುತ್ತು, ಸೌರ, ಗಾಳಿ ಎಲ್ಲವೂ ಬೆರೆತಿರುವುದರಿಂದ ನಿಮ್ಮ ಪಾಲಿಗೆ ನಿಜವಾಗಿ ಬರುವುದು ಇದಕ್ಕಿಂತ ಕಡಿಮೆ. ಇಡೀ ದೇಶದ ಜಾಲದ ಸರಾಸರಿ ತೆಗೆದರೆ ಯೂನಿಟ್ಟಿಗೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್ ಎಂದು ಲೆಕ್ಕ ಹಾಕುತ್ತಾರೆ.

ಬಿಸಿಲಿರುವಾಗ ಸೌರ ವಿದ್ಯುತ್ತು ಜಾಲಕ್ಕೆ ಧಾರಾಳವಾಗಿ ಹರಿಯುತ್ತದೆ, ಸಂಜೆಯ ನಂತರ ಆ ಜಾಗವನ್ನು ಕಲ್ಲಿದ್ದಲು ಮತ್ತು ನೀರು ತುಂಬಬೇಕು. ಆದ್ದರಿಂದ ನಿಮ್ಮ ಫೀಡರಿಗೆ, ಅಂದರೆ ನಿಮ್ಮ ಕಡೆಗೆ ಕರೆಂಟು ತರುವ ಲೈನಿಗೆ, ಹಗಲು ಪಾಳಿ ಇದ್ದರೆ ರಾತ್ರಿಯ ಕರೆಂಟಿಗೆ ಆಟೋ ಸ್ಟಾರ್ಟರ್ ಹಾಕಿಟ್ಟು ಮಲಗುವುದನ್ನು ಬಿಡಬಹುದು. ಆಟೋ ಸ್ಟಾರ್ಟರ್ ಹಾಕಿದ ತೋಟದಲ್ಲಿ ನೀರು ಬದು ದಾಟಿ ರಸ್ತೆಗೆ ಹರಿಯುವುದನ್ನು ಬೆಳಗಿನ ಬಸ್ಸಿನಲ್ಲಿ ಹೋಗುವ ಎಲ್ಲರೂ ನೋಡಿರುತ್ತಾರೆ.

ಆರನೇ ಹಂತ: ಗಿಡಕ್ಕೆ ಎಷ್ಟು ಸಾಕು

ಪಂಪನ್ನು ಎಷ್ಟೇ ಸರಿಮಾಡಿದರೂ ಹೆಚ್ಚಿನ ಉಳಿತಾಯ ಇರುವುದು ಇಲ್ಲಿ. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 540 ಅಡಿಕೆ ಗಿಡ ಕೂರುತ್ತವೆ. ಡ್ರಿಪ್ಪಿನಲ್ಲಿ ಬೇಸಿಗೆಯಲ್ಲೂ ಗಿಡಕ್ಕೆ ದಿನಕ್ಕೆ 16ರಿಂದ 20 ಲೀಟರು ಸಾಕು ಎಂಬುದು ಶಿಫಾರಸು. 20 ಎಂದೇ ಹಿಡಿದರೂ ಎಕರೆಗೆ 10,800 ಲೀಟರು. ನಮ್ಮ ಉದಾಹರಣೆಯ ಪಂಪಿಗೆ ಒಂದೂವರೆ ಗಂಟೆಯ ಕೆಲಸ, ಎರಡು ಎಕರೆಗೆ ಮೂರು ಗಂಟೆ. ಕರೆಂಟು ಇರುವಷ್ಟು ಹೊತ್ತೂ ಏಳು ಗಂಟೆ ಓಡಿಸುವವರು ಉಳಿದ ನಾಲ್ಕು ಗಂಟೆಯಲ್ಲಿ 38 ಯೂನಿಟ್ಟನ್ನೂ ಸುಮಾರು 29,000 ಲೀಟರು ಅಂತರ್ಜಲವನ್ನೂ ಬೇಡದ ಕಡೆಗೆ ಸುರಿಯುತ್ತಿದ್ದಾರೆ.

ಸುರಿದ ನೀರು ಸುಮ್ಮನೆ ಇಂಗುವುದಿಲ್ಲ, ಹಾಕಿದ ಯೂರಿಯಾವನ್ನೂ ಬೇರಿನಿಂದ ಕೆಳಕ್ಕೆ ಕೊಂಡೊಯ್ಯುತ್ತದೆ. ಯೂರಿಯಾ ತಯಾರಾಗುವುದು ನೈಸರ್ಗಿಕ ಅನಿಲದಿಂದ. ನಮ್ಮ ಕಾರ್ಖಾನೆಗಳಲ್ಲಿ ಟನ್ನಿಗೆ 5.5 ಗಿಗಾ ಕ್ಯಾಲರಿ ಅಥವಾ ಅದಕ್ಕೂ ಹೆಚ್ಚು ಶಕ್ತಿ ಹಿಡಿಯುತ್ತದೆ. 45 ಕಿಲೋದ ಒಂದು ಮೂಟೆಗೆ ಲೆಕ್ಕ ಹಾಕಿದರೆ ಒಂದೂವರೆ ಅಡುಗೆ ಸಿಲಿಂಡರಿನಷ್ಟು ಶಾಖವಾಯಿತು. ಹೀಗೆ ತಯಾರಾದ ಗೊಬ್ಬರ ಗಿಡಕ್ಕೆ ದಕ್ಕದೆ ನೈಟ್ರೇಟ್ ಆಗಿ ಊರಿನ ಕುಡಿಯುವ ನೀರಿನ ಬಾವಿ ಸೇರುತ್ತದೆ. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಕೋಲಾರ, ಪಾವಗಡದ ಕಡೆ ಆಳಕ್ಕಿಳಿದಷ್ಟೂ ಕಾಡುವ ಫ್ಲೋರೈಡಿನ ಮಿತಿ 1.5 ಮಿಲಿಗ್ರಾಂ. ಎರಡನ್ನೂ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಗಿಡದ ಬುಡಕ್ಕೆ ಸೋಗೆ, ಸಿಪ್ಪೆ, ತರಗೆಲೆಯ ಮುಚ್ಚಿಗೆ ಹಾಕಿದರೆ ನೀರಿನ ಬೇಡಿಕೆ ಇನ್ನೂ ಇಳಿಯುತ್ತದೆ. ಸಿಪ್ಪೆಗೆ ಬೆಂಕಿ ಕೊಡುವುದು ಸುಲಭವೆನಿಸುತ್ತದೆ, ಆದರೆ ಆ ಹೊಗೆಯ ಜೊತೆ ಹೋಗುವುದು ತೋಟದ ತೇವವೇ.

ಏಳನೇ ಹಂತ: ಮಳೆಗಾಲದಲ್ಲಿ ಮಾಡುವುದು

ನೀರಿನ ಮಟ್ಟ 10 ಮೀಟರ್ ಮೇಲೆ ಬಂದರೆ ನಮ್ಮ ಉದಾಹರಣೆಯ ಬೋರಿನಲ್ಲಿ ಪ್ರತಿ ಲೀಟರಿಗೂ ಐದಾರು ಶೇಕಡಾ ಶಕ್ತಿ ಉಳಿಯುತ್ತದೆ. ಕೇಸಿಂಗಿನ ಸುತ್ತ ಗುಂಡಿ ತೆಗೆದು ದಪ್ಪ ಕಲ್ಲು, ಜಲ್ಲಿ, ಮರಳಿನ ಪದರ ಹಾಕಿ ಇಂಗಿಸುವ ವಿಧಾನ ಈಗ ಬಹಳ ಊರುಗಳಲ್ಲಿ ಪರಿಚಿತ. ಒಂದೇ ಎಚ್ಚರಿಕೆ, ಔಷಧಿ ಹೊಡೆದ ಹೊಲದ ಕೆಂಪು ನೀರನ್ನು ನೇರವಾಗಿ ಅದಕ್ಕೆ ತಿರುಗಿಸಬೇಡಿ. ಮೊದಲು ಹೂಳು ಕೂರುವ ಇನ್ನೊಂದು ಗುಂಡಿ ಇರಲಿ.

ಸೋಲಾರ್ ಪಂಪಿನ ಯೋಚನೆ ಇದ್ದವರು ಅದನ್ನು ಈ ಎಲ್ಲ ಹಂತ ಮುಗಿದ ಮೇಲೆ ಮಾಡುವುದು ಲೇಸು. ಕೆಟ್ಟ ಪಂಪಿನ ಲೆಕ್ಕದಲ್ಲಿ ಕೊಂಡರೆ ಬೇಕಾದ್ದಕ್ಕಿಂತ ಹೆಚ್ಚು ಪ್ಯಾನೆಲ್ಲಿಗೆ ದುಡ್ಡು ಹೋಗುತ್ತದೆ. ಹೊಗೆಯಿಲ್ಲದ ಕರೆಂಟು ಬಿಸಿಲಿದ್ದಷ್ಟು ಹೊತ್ತೂ ಸಿಕ್ಕಿದರೆ ಬೋರನ್ನು ಇನ್ನಷ್ಟು ಬೇಗ ಬರಿದು ಮಾಡುವ ಅಪಾಯವೂ ಇದೆ. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ನಡೆದ ‘ಸೂರ್ಯ ರೈತ’ ಪ್ರಯೋಗದಲ್ಲಿ ಮಿಕ್ಕ ವಿದ್ಯುತ್ತನ್ನು ಜಾಲಕ್ಕೆ ಮಾರುವ ಅವಕಾಶ ಕೊಟ್ಟದ್ದು, ನೀರೆತ್ತುವುದಕ್ಕಿಂತ ಕರೆಂಟು ಉಳಿಸುವುದು ಲಾಭವಾಗಲಿ ಎಂಬ ಲೆಕ್ಕದಲ್ಲಿ.

ಡ್ರಮ್ಮಿನ ಪರೀಕ್ಷೆಯನ್ನು ತಿಂಗಳಿಗೊಮ್ಮೆ, ಒಂದೇ ಡ್ರಮ್ಮಿನಲ್ಲಿ, ಮೋಟಾರು ಅರ್ಧ ಗಂಟೆ ಓಡಿದ ಮೇಲೆಯೇ ಮಾಡಿ. ಅದಕ್ಕೆ ಪುಸ್ತಕ ಬೇಕಿಲ್ಲ, ಪುಸ್ತಕ ಇಲಿ ತಿನ್ನುತ್ತದೆ. ನಮ್ಮ ಪಂಪ್‌ಹೌಸಿನ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ತಾರೀಖು, ಸೆಕೆಂಡು ಎಂದು ಎರಡು ಸಾಲು ಬರೆಯುತ್ತೇವೆ. 96, 96, 98, ಆಮೇಲೆ 140. ಅದರ ಕೆಳಗೆ, ಪೈಪು ಬದಲಿಸಿದ ಮರುದಿನದ್ದು, 97.