ಸದ್ದು ಮಾಡುವ ಫೈರ್‌ಪ್ಲೇಸ್ ಇನ್ಸರ್ಟ್: ನಾನು ಸರಿಮಾಡಿಕೊಂಡ ಬಗೆ

ನಮ್ಮ ಕಟ್ಟಿಗೆ ಇನ್ಸರ್ಟ್ ಒಂದು ಥರದ ಸದ್ದು ಮಾಡುತ್ತಿರಲಿಲ್ಲ, ನಾಲ್ಕು ಥರ ಮಾಡುತ್ತಿತ್ತು. ಬೆಂಕಿ ಹಚ್ಚಿದ ಸ್ವಲ್ಪ ಹೊತ್ತಿಗೆ ಟಕ್ ಟಕ್ ಶುರು. ಫ್ಯಾನ್ ಓಡಿದರೆ ಗುಂಯ್, ಅದರ ಜೊತೆಗೆ ತಗಡು ನಡುಗುವ ಗಡಗಡ. ಬೆಂಕಿ ಜೋರಾದರೆ ಬಾಗಿಲ ಅಂಚಿನಲ್ಲಿ ಸಣ್ಣ ಸಿಳ್ಳೆ. ನೋಡಿದವರೆಲ್ಲ "ಫ್ಯಾನ್ ಹೋಗಿದೆ, ಹೊಸದು ಹಾಕಿಸಿ" ಅಂದರು. ಆದರೆ ಮುಖ್ಯ ತೊಂದರೆ ಫ್ಯಾನಿನದಲ್ಲ, ಒಲೆಯನ್ನು ಕೂರಿಸಿದ ರೀತಿಯದು.

ಇನ್ಸರ್ಟ್ ಅಂದರೆ ಹಳೆಯ ಇಟ್ಟಿಗೆ ಫೈರ್‌ಪ್ಲೇಸಿನ ಬಾಯೊಳಗೆ ತಳ್ಳಿ ಕೂರಿಸುವ ಉಕ್ಕಿನ ಅಥವಾ ಬೀಡುಕಬ್ಬಿಣದ ಒಲೆ. ಮುಂದೆ ಗಾಜಿನ ಬಾಗಿಲು, ಸುತ್ತ ಸಂದು ಮುಚ್ಚುವ ತಗಡಿನ ಚೌಕಟ್ಟು. ಒಲೆಯ ಹೊರಗೆ ಇನ್ನೊಂದು ತಗಡಿನ ಪದರ ಇರುತ್ತದೆ. ಇವೆರಡರ ನಡುವೆ ಫ್ಯಾನ್ ಕೋಣೆಯ ಗಾಳಿಯನ್ನು ಹಾಯಿಸಿ, ಬಿಸಿಮಾಡಿ ವಾಪಸ್ ಕಳಿಸುತ್ತದೆ. ಹೊಗೆ ಹೋಗಲು ಹಳೆಯ ಚಿಮಣಿಯೊಳಗೆ ಸ್ಟೀಲಿನ ಬೇರೆ ಕೊಳವೆ ಇಳಿಸಿರುತ್ತಾರೆ, ಅದಕ್ಕೆ ಲೈನರ್ ಅಂತಾರೆ.

ಮೊದಲು ಸದ್ದುಗಳನ್ನು ಬೇರೆ ಬೇರೆ ಮಾಡಿಕೊಂಡೆ. ಒಲೆ ಪೂರ್ತಿ ತಣ್ಣಗಿರುವಾಗ ಸ್ವಿಚ್ಚನ್ನು ಆಟೋದಿಂದ ಮ್ಯಾನುಯಲ್‌ಗೆ ಹಾಕಿ ಫ್ಯಾನ್ ಮಾತ್ರ ಓಡಿಸಿದೆ. ಗುಂಯ್ ಮತ್ತು ಗಡಗಡ ಎರಡೂ ಬಂದವು. ಚೌಕಟ್ಟಿನ ಮೇಲೆ ಅಂಗೈ ಒತ್ತಿ ಹಿಡಿದರೆ ಗಡಗಡ ತಕ್ಷಣ ನಿಂತಿತು. ಅಂದರೆ ನಡುಗುತ್ತಿದ್ದುದು ತಗಡು, ನಡುಗಿಸುತ್ತಿದ್ದುದು ಫ್ಯಾನ್. ಆಮೇಲೆ ಇನ್ನೊಂದು ದಿನ ಬೆಂಕಿ ಹಚ್ಚಿ ಫ್ಯಾನ್ ಆಫ್ ಮಾಡಿ ಕೂತೆ. ಈಗ ಟಕ್ ಟಕ್ ಮತ್ತು ಸಿಳ್ಳೆ ಮಾತ್ರ. ಖರ್ಚಿಲ್ಲದ ಕೆಲಸ ಇದು. ಇದನ್ನು ಮಾಡದೆ ಸುಮ್ನೆ ಸಾಮಾನು ತರಬೇಡಿ.

ಫ್ಯಾನಿನ ಕೆಲಸ ಬೇಗ ಮುಗಿಯಿತು. ಪ್ಲಗ್ ಕಿತ್ತು ಹೊರಗೆ ತೆಗೆದೆ. ಸಿಲಿಂಡರ್ ಆಕಾರದ ಚಕ್ರದ ಎಲೆಗಳಿಗೆ ಬೂದಿ, ಧೂಳು, ಕೂದಲು ಮೆತ್ತಿಕೊಂಡಿದ್ದವು, ಒಂದು ಕಡೆ ಜಾಸ್ತಿ. ತೂಕ ಒಂದೇ ಬದಿಗಾದರೆ ಚಕ್ರ ಅದುರುತ್ತದೆ, ಅಲ್ವಾ? ಹಳೆ ಟೂತ್‌ಬ್ರಷ್‌ನಿಂದ ಉಜ್ಜಿದೆ. ಮೋಟಾರಿನ ಕೆಳಗಿನ ರಬ್ಬರ್ ವಾಷರ್‌ಗಳು ಬಿಸಿಗೆ ಕಲ್ಲಿನಂತಾಗಿದ್ದವು, ಬದಲಿಸಿದೆ. ಬೇರಿಂಗ್ ಸೀಲ್ ಆಗಿರುವುದಾದರೆ ಎಣ್ಣೆ ಬಿಡಬೇಡಿ. ಎಣ್ಣೆ ಬಿಡಲೆಂದೇ ರಂಧ್ರ ಇದ್ದರೆ ಮಾತ್ರ ತೆಳು ಮೆಷಿನ್ ಆಯಿಲ್ ಒಂದೆರಡು ಹನಿ.

ಟಕ್ ಟಕ್ ವಿಷಯಕ್ಕೆ ಬರೋಣ. ಕಾದರೆ ಕಬ್ಬಿಣ ಹಿಗ್ಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಎಷ್ಟು ಅನ್ನುವುದು ಲೆಕ್ಕ ಹಾಕಿದಾಗಲೇ ಅರ್ಥವಾಗುವುದು. ಒಂದು ಮೀಟರ್ ಉಕ್ಕು 100 ಡಿಗ್ರಿ ಸೆಲ್ಸಿಯಸ್ ಜಾಸ್ತಿ ಕಾದರೆ ಸುಮಾರು 1.2 ಮಿಲಿಮೀಟರ್ ಉದ್ದವಾಗುತ್ತದೆ. 60 ಸೆಂಟಿಮೀಟರಿನ ತಗಡು 200 ಡಿಗ್ರಿ ಕಾದರೆ ಹತ್ತಿರಹತ್ತಿರ ಒಂದೂವರೆ ಮಿಲಿಮೀಟರ್. ಅಷ್ಟು ಜಾಗ ಸಿಗದಿದ್ದರೆ ತಗಡು ಒತ್ತಿಕೊಂಡು ನಿಂತು, ಕೊನೆಗೆ ಜಾರಿ ಟಕ್ ಅನ್ನುತ್ತದೆ. ಕಾಯುವಾಗ ಮತ್ತು ಆರುವಾಗ ಮೆತ್ತಗೆ ಒಂದಷ್ಟು ಟಕ್ ಅನ್ನುವುದು ಎಲ್ಲ ಒಲೆಗೂ ಸಹಜ. ನಮ್ಮದು ಪಕ್ಕದ ಕೋಣೆಗೂ ಕೇಳಿಸುತ್ತಿತ್ತು.

ಚೌಕಟ್ಟು ಬಿಚ್ಚಿದಾಗ ಕಾರಣ ಎದುರಿಗೇ ಇತ್ತು. ಕೂರಿಸಿದವರು ಅದನ್ನು ಎರಡೂ ಬದಿಯ ಇಟ್ಟಿಗೆಗೆ ಬಿಗಿಯಾಗಿ ಸಿಕ್ಕಿಸಿ, ಸ್ಕ್ರೂಗಳನ್ನು ಇನ್ನು ತಿರುಗದಷ್ಟು ಬಿಗಿದಿದ್ದರು. ಒಂದು ಮೂಲೆಯಲ್ಲಿ ಮಾತ್ರ ಬೆರಳು ತೂರುವಷ್ಟು ಸಂದು. ಬಿಗಿದಿದ್ದ ಕಡೆ ಟಕ್, ಸಡಿಲವಿದ್ದ ಕಡೆ ಗಡಗಡ! ರಸಮಟ್ಟ ಇಟ್ಟು ನೋಡಿದರೆ ಒಲೆಯೂ ವಾಲಿತ್ತು. ಒಲೆಯನ್ನು ಮಟ್ಟ ಮಾಡಲು ಅಡಿಯಲ್ಲಿರುವ ನಾಲ್ಕು ಬೋಲ್ಟ್‌ಗಳಲ್ಲಿ ಹಿಂಬದಿಯ ಒಂದು ನೆಲಕ್ಕೆ ತಾಗಿರಲೇ ಇಲ್ಲ. ಅಷ್ಟು ಭಾರದ ಒಲೆ ಮೂರು ಕಾಲಿನ ಮೇಲೆ ನಿಂತಿತ್ತು.

ಒಲೆಯನ್ನು ಹೊರಗೆ ಎಳೆಯಬೇಕಾಯಿತು. ಇದು ಒಬ್ಬರ ಕೆಲಸ ಅಲ್ಲ. ಲೈನರ್ ಬಿಚ್ಚಿ ಮತ್ತೆ ಜೋಡಿಸುವುದನ್ನು ಚಿಮಣಿ ಕೆಲಸದವರಿಗೇ ಬಿಟ್ಟೆ, ಹಾಗೇ ಚಿಮಣಿಯನ್ನೂ ಗುಡಿಸಿಸಿದೆ. ಆ ಜೋಡಣೆ ಸಡಿಲವಾದರೆ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಾನಿಲ ಮನೆಯೊಳಗೆ ಬರಬಹುದು. ಸದ್ದಿನ ಥರ ಅದು ಕಿವಿಗೆ ಬೀಳುವುದಿಲ್ಲ, ಮೂಗಿಗೂ ಗೊತ್ತಾಗುವುದಿಲ್ಲ. ಕೋಣೆಯಲ್ಲಿ ಈ ಅನಿಲದ ಅಲಾರ್ಮ್ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ.

ಹೊರಗೆ ಎಳೆದ ಮೇಲೆ ಸಿಕ್ಕಿದ್ದು ಎಲ್ಲಕ್ಕಿಂತ ದೊಡ್ಡ ವಿಷಯ. ಲೈನರ್ ಸುತ್ತ ಹಳೆ ಚಿಮಣಿಯ ಬಾಯಿ ಪೂರ್ತಿ ತೆರೆದಿತ್ತು. ಊದುಬತ್ತಿ ಹಿಡಿದರೆ ಹೊಗೆ ಸರ್ರನೆ ಮೇಲಕ್ಕೆ. ಒಲೆಯ ಬೆನ್ನಿನ ಬಿಸಿ, ಕೋಣೆಯ ಬಿಸಿ ಗಾಳಿ, ಎಲ್ಲವೂ ಇದೇ ದಾರಿಯಲ್ಲಿ ಹೊರಗೆ. ಕೋಣೆ ಕಾಯುತ್ತಿಲ್ಲ ಅಂತ ನಾವು ಫ್ಯಾನನ್ನು ಸದಾ ಫುಲ್ ಸ್ಪೀಡಿನಲ್ಲಿ ಓಡಿಸುತ್ತಿದ್ದುದು ಯಾಕೆ ಅಂತ ಆಗ ತಿಳಿಯಿತು. ಸದ್ದಿಗೆ ಅರ್ಧ ಕಾರಣ ಅದೇ.

ಚಿಮಣಿಯ ಕತ್ತಿನ ಅಳತೆಗೆ ಉಕ್ಕಿನ ತಗಡು ಕತ್ತರಿಸಿ, ಲೈನರ್ ಹಾಯಲು ನಡುವೆ ತೂತು ಮಾಡಿ, ಅಂಚಿಗೆ ಶಾಖ ತಡೆಯುವ ಸಿಮೆಂಟ್ ಹಚ್ಚಿ ಕೂರಿಸಿದೆವು. ಅದರ ಮೇಲೆ ಶಾಖ ತಡೆಯುವ, ಹತ್ತಿಯಂಥ ಸೆರಾಮಿಕ್ ವೂಲ್. ಮಾಮೂಲಿ ಗ್ಲಾಸ್‌ವೂಲ್ ಇಲ್ಲಿ ಬೇಡ, ಅದರ ಅಂಟು ಬಿಸಿಗೆ ಸುಟ್ಟು ವಾಸನೆ ಬರುತ್ತದೆ. ಸ್ಪ್ರೇ ಫೋಮ್ ಅಂತೂ ಬೇಡವೇ ಬೇಡ, ಅದು ಹತ್ತಿಕೊಂಡು ಉರಿಯುತ್ತದೆ. ಸೆರಾಮಿಕ್ ವೂಲ್ ಮುಟ್ಟುವಾಗ ಗ್ಲೌಸ್, ಮಾಸ್ಕ್ ಹಾಕಿಕೊಳ್ಳಿ.

ಒಲೆ ವಾಪಸ್ ತಳ್ಳಿ, ನಾಲ್ಕೂ ಬೋಲ್ಟ್ ನೆಲ ಹಿಡಿಯುವ ಹಾಗೆ ತಿರುಗಿಸಿ ಮಟ್ಟ ಮಾಡಿದೆ. ಚೌಕಟ್ಟಿನ ಸ್ಕ್ರೂ ರಂಧ್ರಗಳನ್ನು ಅರದಿಂದ ಸ್ವಲ್ಪ ಉದ್ದ ಮಾಡಿ, ಸ್ಕ್ರೂ ಪೂರ್ತಿ ಬಿಗಿದು ಅರ್ಧ ಸುತ್ತು ಸಡಿಲಿಸಿದೆ. ಇಟ್ಟಿಗೆ ಮತ್ತು ತಗಡಿನ ನಡುವೆ ಒಲೆ ಬಾಗಿಲಿಗೆ ಬಳಸುವ ಫೈಬರ್‌ಗ್ಲಾಸ್ ಹಗ್ಗ ತುಂಬಿದೆ. ಅದು ಮೆತ್ತಗಿರುವುದರಿಂದ ತಗಡು ಹಿಗ್ಗಲು ಜಾಗ ಕೊಡುತ್ತದೆ, ನಡುಗಲು ಬಿಡುವುದಿಲ್ಲ. ಸಂದಿಗೆ ಗಾರೆ ಮೆತ್ತುವವರನ್ನು ನೋಡಿದ್ದೇನೆ. ನನಗೆ ಅದು ಇಷ್ಟವಿಲ್ಲ, ಬಿರುಕು ಬಿಡುವುದು ಖಂಡಿತ.

ಸಿಳ್ಳೆಗೆ ಕಾಗದದ ಪರೀಕ್ಷೆ ಸಾಕು. ತಣ್ಣಗಿರುವಾಗ ಬಾಗಿಲಿಗೆ ಕಾಗದ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ಗಾಳಿ ನುಗ್ಗುತ್ತಿದೆ. ನಮ್ಮಲ್ಲಿ ಚಿಲಕದ ಬದಿ ಪೂರ್ತಿ ಸಡಿಲ. ಹಳೆ ಹಗ್ಗ ಕಿತ್ತು, ತೋಡನ್ನು ಉಜ್ಜಿ, ಅದೇ ದಪ್ಪದ ಹೊಸ ಹಗ್ಗವನ್ನು ಎಳೆಯದೆ ಕೂರಿಸಿದೆ. ಎಳೆದು ಅಂಟಿಸಿದರೆ ಅದು ತೆಳುವಾಗಿ ಮತ್ತೆ ಸಂದು ಬೀಳುತ್ತದೆ.

ಬಾಗಿಲು ಬಿಗಿಯಾದ ಮೇಲೆ ಒಂದು ಹೊಸ ಎಚ್ಚರ ಬೇಕು. ಮೊದಲೆಲ್ಲ ಬೆಂಕಿಗೆ ಹೋಗುವ ಗಾಳಿಯನ್ನು ಹೆಚ್ಚುಕಡಿಮೆ ಮಾಡುವ ಹಿಡಿಯನ್ನು ಪೂರ್ತಿ ಮುಚ್ಚಿದರೂ ಸಂದಿನಿಂದ ಗಾಳಿ ಬರುತ್ತಿತ್ತು, ಈಗ ಬರುವುದಿಲ್ಲ. ಜೋರು ಬೆಂಕಿ ಇರುವಾಗ ಒಮ್ಮೆಲೇ ಮುಚ್ಚಿದರೆ ಉರಿಯದ ಅನಿಲ ಒಳಗೆ ತುಂಬಿ, ಆಮೇಲೆ ಢಬ್ ಅಂತ ಹೊತ್ತಿಕೊಳ್ಳುತ್ತದೆ. ಸ್ವಲ್ಪ ಸ್ವಲ್ಪವೇ ಮುಚ್ಚಬೇಕು. ಕಟ್ಟಿಗೆಯ ತೇವವೂ 20 ಶೇಕಡಾಕ್ಕಿಂತ ಕಡಿಮೆ ಇರಲಿ. ಹಸಿ ಕಟ್ಟಿಗೆ ಹೊಗೆಯಾಡಿ ಚಿಮಣಿಯಲ್ಲಿ ಕ್ರಿಯೋಸೋಟ್ ಅನ್ನುವ ಡಾಂಬರಿನಂಥ ಮಸಿ ಕಟ್ಟುತ್ತದೆ, ಚಿಮಣಿಗೆ ಬೆಂಕಿ ಹತ್ತುವುದು ಅದರಿಂದಲೇ.

ಈಗ ಫ್ಯಾನನ್ನು ಮಧ್ಯದ ಸ್ಪೀಡಿನಲ್ಲಿ ಇಟ್ಟರೂ ಕೋಣೆ ಚೆನ್ನಾಗಿ ಕಾಯುತ್ತದೆ, ಗಡಗಡ ಪೂರ್ತಿ ಹೋಗಿದೆ. ತೀರಾ ಕಡಿಮೆ ಸ್ಪೀಡಿನಲ್ಲಿ ಮಾತ್ರ ಒಂದು ಸಣ್ಣ ಗುಂಯ್ ಉಳಿದಿದೆ. ಅದು ಸ್ಪೀಡ್ ರೆಗ್ಯುಲೇಟರ್ ಕರೆಂಟನ್ನು ತುಂಡು ತುಂಡು ಮಾಡಿ ಕೊಡುವುದರಿಂದ ಮೋಟಾರಿನಲ್ಲಿ ಏಳುವ ಸದ್ದು. ಅಷ್ಟಕ್ಕೆ ರೆಗ್ಯುಲೇಟರ್ ಬದಲಿಸಲು ಹೋಗಿಲ್ಲ.