ಡೋಪ್ ಟೆಸ್ಟ್‌ಗೆ ಕರೆದ್ರೆ ಓಡಿಹೋಗ್ಬೇಡಿ, ಹೀಗೆ ಮಾಡಿ

2023ರಲ್ಲಿ ದಿಲ್ಲಿ ರಾಜ್ಯ ಅಥ್ಲೆಟಿಕ್ಸ್ ಮೀಟ್‌ಗೆ ನಾಡಾದವರು, ಅಂದ್ರೆ ಆಟಗಾರರು ನಿಷೇಧಿತ ಮದ್ದು ತಗೊಂಡಿದಾರಾ ಅಂತ ಡೋಪ್ ಟೆಸ್ಟ್ ಮಾಡೋ ರಾಷ್ಟ್ರೀಯ ಸಂಸ್ಥೆಯವರು, ಬಂದಿದಾರೆ ಅಂತ ಗೊತ್ತಾಗಿ ಉಳಿದವರು ಬಾರದೇ 100 ಮೀಟರ್ ಫೈನಲ್‌ನಲ್ಲಿ ಒಬ್ಬನೇ ಓಡಿದ್ದು ನೆನಪಿರಬಹುದು. 2022ರ ರಾಷ್ಟ್ರೀಯ ಡೋಪಿಂಗ್ ತಡೆ ಕಾಯ್ದೆ ಬಂದ್ಮೇಲೆ ನಾಡಾಗೆ ಕಾನೂನಿನ ಬಲವೂ ಇದೆ, ಟೆಸ್ಟ್ ತಪ್ಪಿಸಿಕೊಂಡ್ರೆ ನಾಲ್ಕು ವರ್ಷದವರೆಗೂ ಬ್ಯಾನ್. ತಪ್ಪು ಮಾಡದೇ ಇರೋರೂ ಭಯಕ್ಕೆ ಎಡವಟ್ಟು ಮಾಡ್ಕೋತಾರೆ, ಅದಕ್ಕೇ ಇದನ್ನ ಬರೀತಿದೀನಿ.

ಮೊದಲನೇದು, ಕರೆದವರ ಐಡಿ ನೋಡಿ, ಟೆಸ್ಟ್‌ಗೆ ಕರೆದಿದಾರೆ ಅಂತ ಸೈನ್ ಹಾಕಿ, ಜೊತೆಗೆ ಕೋಚನ್ನೋ ಮನೆಯವರನ್ನೋ ಕರ್ಕೊಳ್ಳಿ. ಸ್ಯಾಂಪಲ್ ಕೊಡೋವರೆಗೂ ಅವರ ಕಣ್ಣಳತೆಯಲ್ಲೇ ಇರ್ಬೇಕು.

ಎರಡನೇದು ನೀರು. ಬೇಗ ಮುಗೀಲಿ ಅಂತ ಬಾಟಲಿಗಟ್ಟಲೆ ಕುಡೀಬೇಡಿ, ಯೂರಿನ್ ತೆಳುವಾದ್ರೆ ಮತ್ತೆ ಕೊಡ್ಬೇಕು, ರಾತ್ರಿವರೆಗೂ ಅಲ್ಲೇ ಕೂರ್ಬೇಕಾಗುತ್ತೆ. ಇನ್ನು ಜಿಮ್‌ನಲ್ಲಿ ಯಾರೋ ಮಾರೋ 'ಯೂರಿನ್ ಕ್ಲೀನ್ ಮಾಡೋ' ಮಾತ್ರೆ ಮುಟ್ಲೇಬೇಡಿ, ಮೂತ್ರ ಹೆಚ್ಚಿಸೋ ಔಷಧಿಗಳೇ ನಿಷೇಧಿತ ಪಟ್ಟೀಲಿವೆ.

ಮೂರನೇದೇ ಎಲ್ಲರೂ ಕೆಡಿಸೋ ಜಾಗ. ಯೂರಿನ್ ಹಿಡಿಯೋ ಕಪ್, ಎ ಮತ್ತು ಬಿ ಅನ್ನೋ ಎರಡು ಬಾಟಲಿ ಇರೋ ಕಿಟ್ ನೀವೇ ಆರಿಸ್ಕೊಳ್ಳಿ, ಸೀಲ್ ಒಡೆದಿದ್ರೆ ಬೇರೆ ಕೇಳಿ, ಕೇಳೋದು ನಿಮ್ಮ ಹಕ್ಕು. ಕಮ್ಮಿ ಅಂದ್ರೂ 90 ಮಿಲಿ ಬೇಕು, ಅದ್ರಲ್ಲಿ ಬಿ ಬಾಟಲಿಗೆ 30, ಎ ಬಾಟಲಿಗೆ 60, ಕಪ್‌ನ ತಳದಲ್ಲಿ ಸ್ವಲ್ಪ ಉಳಿಸ್ಬೇಕು, ತೆಳು ಇದೆಯಾ ಗಟ್ಟಿ ಇದೆಯಾ ಅಂತ ಅವ್ರು ಅದ್ರಲ್ಲೇ ನೋಡೋದು. ಸುರಿಯೋದು, ಮುಚ್ಚಳ ಗಟ್ಟಿಯಾಗಿ ತಿರುಗಿಸೋದು ನೀವೇ ಮಾಡಿ, ಬೇರೆಯವರ ಕೈ ತಾಗಿಸ್ಬೇಡಿ. ಆಮೇಲೆ ಎರಡೂ ಬಾಟಲಿ ಮೇಲಿನ ನಂಬರ್, ಫಾರ್ಮಲ್ಲಿ ಬರೆದಿರೋ ನಂಬರ್, ಒಂದೊಂದೇ ಅಂಕಿ ಬೆರಳಿಟ್ಟು ಓದಿ, ಸುಸ್ತಾಗಿದೆ ಅಂತ ಕಣ್ಮುಚ್ಚಿ ಸೈನ್ ಹಾಕೋರನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಫಾರ್ಮಲ್ಲಿ ಹಿಂದಿನ ಏಳು ದಿನ ತಗೊಂಡ ಔಷಧಿ, ಪ್ರೋಟೀನ್ ಪೌಡರ್ ಎಲ್ಲಾ ಬರೀರಿ, ಕೆಮ್ಮಿನ ಸಿರಪ್ ಸಮೇತ. ನಮ್ಮಲ್ಲಿ ಸಿಗೋ ಎಷ್ಟೋ ಸಿರಪ್‌ಗಳಲ್ಲಿ ಟರ್ಬ್ಯುಟಲಿನ್ ಅನ್ನೋ ಉಸಿರುನಾಳ ಹಿಗ್ಗಿಸೋ ಔಷಧಿ ಇರುತ್ತೆ, ಅದು ವರ್ಷವಿಡೀ ನಿಷೇಧಿತ. ಬರೆದ ಮಾತ್ರಕ್ಕೆ ಮಾಫಿ ಸಿಗಲ್ಲ, ಆದ್ರಿಂದ ಕುಡಿಯೋ ಮುಂಚೆನೇ ನಾಡಾದ 'ನೋ ಯುವರ್ ಮೆಡಿಸಿನ್' ಆ್ಯಪಲ್ಲಿ ನೋಡಿ. ಆಸ್ತಮಾ ಥರದ್ದಕ್ಕೆ ಆ ಔಷಧಿನೇ ಬೇಕು ಅಂದ್ರೆ ಟಿಯುಇ, ಅಂದ್ರೆ ಚಿಕಿತ್ಸೆಗೆ ಅಂತ ಆ ಔಷಧಿ ಬಳಸೋಕೆ ವಿಶೇಷ ಅನುಮತಿ, ಅದಕ್ಕೆ ಅರ್ಜಿ ಹಾಕಿ, ಕಾಂಪಿಟಿಷನ್‌ಗೆ 30 ದಿನ ಮುಂಚೆ. ಸಪ್ಲಿಮೆಂಟ್ ಮಾತ್ರ ನನ್ನ ಕೇಳಿದ್ರೆ ಬೇಡವೇ ಬೇಡ, ಲೇಬಲ್‌ನಲ್ಲಿ ಇಲ್ಲದ್ದು ಡಬ್ಬೀಲಿದ್ರೂ ಹೊಣೆ ಆಟಗಾರರದ್ದೇ.

ಕೊನೇಲಿ ಫಾರ್ಮ್ ಕಾಪಿ ಇಸ್ಕೊಂಡು ಮನೇಲಿಡಿ, ಫೋಟೋನೂ ತೆಗೀರಿ. ನಾಳೆ ಎ ಬಾಟಲಿಯ ಸ್ಯಾಂಪಲ್ ಪಾಸಿಟಿವ್ ಬಂದ್ರೆ ಬಿ ಬಾಟಲಿ ತೆಗೆಸಿ ಅದನ್ನೂ ಟೆಸ್ಟ್ ಮಾಡಿಸಿ, ತೆಗೆಯುವಾಗ ನೀವೇ ಲ್ಯಾಬಲ್ಲಿರಬಹುದು, ಆಗ ನಂಬರ್ ಹೋಲಿಸೋಕೆ ನಿಮ್ಮ ಕೈಯಲ್ಲಿರೋದು ಆ ಕಾಪಿನೇ.